ಸರ್ಚ್‌ನಲ್ಲಿ ಸಿಗದ ಮುತ್ತಜ್ಜ ಪತ್ರಿಕೆಯಲ್ಲಿ ಇರಬಹುದು

ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದ ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ವಂಶಾವಳಿಯನ್ನು ಹುಡುಕಿಕೊಡುವುದು ನನ್ನ ವೃತ್ತಿ. ಈ ಕೆಲಸದಲ್ಲಿ ನನ್ನ ತಾಳ್ಮೆಗೆಡಿಸುವ ಮಾತು ಒಂದೇ: “ಹಳೆಯ ಪತ್ರಿಕೆಗಳನ್ನೆಲ್ಲ ನೋಡಿಯಾಯಿತು, ನಮ್ಮ ಮುತ್ತಜ್ಜನ ಹೆಸರು ಯಾವುದರಲ್ಲೂ ಇಲ್ಲ.” ಹೇಗೆ ನೋಡಿದಿರಿ ಎಂದು ವಿಚಾರಿಸಿದರೆ, ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಜಾಲತಾಣದಲ್ಲಿ ಪೂರ್ತಿ ಹೆಸರನ್ನು ಟೈಪ್ ಮಾಡಿ, ಏನೂ ಬಾರದಿದ್ದಾಗ ಅಲ್ಲಿಗೇ ಕೈಬಿಟ್ಟಿರುತ್ತಾರೆ. ಪತ್ರಿಕೆಯನ್ನು ಅವರು ತೆರೆದೇ ಇರುವುದಿಲ್ಲ. ಅವರ ಪರವಾಗಿ ಯಂತ್ರವೊಂದು ಎಂದೋ ಓದಿಟ್ಟಿದೆ, ಅದೂ ಎಷ್ಟೋ ಕಡೆ ತಪ್ಪಾಗಿ.

ಇದನ್ನು ಬಿಡಿಸಿ ಹೇಳಲೇಬೇಕಾಗಿದೆ. ಪರದೆಯ ಮೇಲೆ ನಮಗೆ ಕಾಣುವುದು ಹಳೆಯ ಪುಟದ ಚಿತ್ರ. ಓಸಿಆರ್ ಎಂಬ ತಂತ್ರಾಂಶ ಆ ಚಿತ್ರದಲ್ಲಿನ ಅಕ್ಷರಗಳನ್ನು ಊಹಿಸಿ ಒಂದು ಪಠ್ಯವನ್ನು ತಯಾರಿಸುತ್ತದೆ, ಮತ್ತು ನಾವು ಕೊಟ್ಟ ಹೆಸರನ್ನು ಕಂಪ್ಯೂಟರ್ ಹುಡುಕುವುದು ಈ ಪಠ್ಯದಲ್ಲಿ ಮಾತ್ರ. ಎಷ್ಟೋ ಪುಟಗಳನ್ನು ಸ್ಕ್ಯಾನ್ ಮಾಡಿರುವುದು ಮೂಲ ಕಾಗದದಿಂದಲ್ಲ, ಪುಟಗಳನ್ನು ಕಿರಿದಾಗಿಸಿ ಫೋಟೋ ತೆಗೆದಿಟ್ಟ, ಗೀರುಬಿದ್ದ ಮೈಕ್ರೋಫಿಲ್ಮಿನಿಂದ. ಮಸಿ ಹರಡಿ ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಅಕ್ಷರಗಳು ಅಂಟಿಕೊಂಡರೆ ಯಂತ್ರ ಅವನ್ನು ‘ಎಮ್’ ಎಂದು ಓದುತ್ತದೆ. ಬರ್ನ್ಸ್ ಎಂಬ ಮನೆತನ ಬಮ್ಸ್ ಆಗಿಬಿಡುತ್ತದೆ. ಕಿರಿದಾದ ಅಂಕಣದಲ್ಲಿ ಹೆಸರು ಎರಡು ಸಾಲಿಗೆ ಒಡೆದಿದ್ದರೆ ಅದರ ತುಂಡುಗಳು ಎರಡು ಬೇರೆ ಪದಗಳಾಗಬಹುದು. ಆದ್ದರಿಂದ ಪುಟದಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಹೆಸರು ಹುಡುಕಾಟದಲ್ಲಿ ಸಿಗದಿರುವುದು ಅಪರೂಪವೇನಲ್ಲ. ಆ ವರ್ಷದ ಸಂಚಿಕೆಗಳನ್ನು ಇನ್ನೂ ಜಾಲತಾಣಕ್ಕೆ ಏರಿಸದೆಯೂ ಇರಬಹುದು. ಯಾವ ಪತ್ರಿಕೆಯ ಯಾವ ವರ್ಷಗಳು ಅಲ್ಲಿವೆ ಎಂಬ ಪಟ್ಟಿಯನ್ನು ಮೊದಲು ನೋಡಿಕೊಳ್ಳಬೇಕು.

ಹಾಗಾದರೆ ಏನನ್ನು ಹುಡುಕಬೇಕು? ಹೆಸರನ್ನು ಬಿಟ್ಟು ಸ್ಥಳವನ್ನು ಮತ್ತು ಕಾಲವನ್ನು ಹಿಡಿಯಿರಿ ಎಂದು ನಾನು ಹೇಳುತ್ತೇನೆ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತಕ್ಕೆ ಬಂದ ಈ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಅನೇಕ ಗಣಿಗಾರರು ಬಂದರು, ಮತ್ತು ಅವರ ಸುದ್ದಿಯನ್ನು ತವರಿನ ‘ಕಾರ್ನಿಷ್‌ಮನ್’, ‘ರಾಯಲ್ ಕಾರ್ನ್‌ವಾಲ್ ಗೆಜೆಟ್’ನಂತಹ ಪತ್ರಿಕೆಗಳು ಅಚ್ಚುಮಾಡುತ್ತಿದ್ದವು. ಅಲ್ಲಿ ‘ಕೋಲಾರ’ ಎಂಬ ಪದವೇ ಇಲ್ಲದೆ ಚಾಂಪಿಯನ್ ರೀಫ್, ನಂದಿದ್ರೂಗ್ ಎಂಬ ಗಣಿಯ ಹೆಸರಷ್ಟೇ ಇರಬಹುದು. ಹೆಂಡತಿಯನ್ನು ಗಂಡನ ಹೆಸರಿನಿಂದಲೇ ಗುರುತಿಸುತ್ತಿದ್ದರು. ‘ಕ್ಯಾಪ್ಟನ್’ ಎಂದಿದ್ದರೆ ಸೈನ್ಯದ ಪಟ್ಟಿಗಳನ್ನು ಜಾಲಾಡಲು ಹೊರಡಬೇಡಿ. ಕಾರ್ನ್‌ವಾಲಿನವರು ಗಣಿಯ ಮೇಲ್ವಿಚಾರಕರನ್ನು ಹಾಗೆ ಕರೆಯುತ್ತಿದ್ದರು.

ಕಾಲದ ವಿಷಯದಲ್ಲೂ ಎಚ್ಚರ ಬೇಕು. 1870ರಲ್ಲಿ ಮುಂಬೈಗೆ ಸಮುದ್ರದೊಳಗಿನ ಟೆಲಿಗ್ರಾಫ್ ತಂತಿ ಬಂದ ಮೇಲೆ ದೊಡ್ಡ ಅವಘಡದ ಸುದ್ದಿ ಬೇಗನೆ ಲಂಡನ್ನಿಗೆ ಮುಟ್ಟುತ್ತಿತ್ತಾದರೂ, ಸತ್ತವರ ವಿವರಗಳು ಹಡಗಿನ ಅಂಚೆಯಲ್ಲಿ ವಾರಗಳ ನಂತರ ತಲುಪಿ, ಇನ್ನೂ ತಡವಾಗಿ ಊರಿನ ವಾರಪತ್ರಿಕೆಯಲ್ಲಿ ಬರುವುದಿತ್ತು. ಮರಣದ ದಿನದ ಆಸುಪಾಸಿನ ಸಂಚಿಕೆಗಳನ್ನಷ್ಟೇ ನೋಡಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಮುಂದಿನ ಎರಡು ಮೂರು ತಿಂಗಳ ಪುಟಗಳನ್ನು ಕಣ್ಣಿನಿಂದಲೇ ಓದಬೇಕು.

ಆಸ್ಟ್ರೇಲಿಯಾದಲ್ಲಿ ನೆಲೆಸಿದ, ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿ ಬೆಳೆದ ಹಿರಿಯ ಮಹಿಳೆಯೊಬ್ಬರು ಗಣಿಯಲ್ಲಿ ತೀರಿಕೊಂಡ ತಮ್ಮ ಅಜ್ಜನ ಸುದ್ದಿಗಾಗಿ ಬಹುಕಾಲ ಹುಡುಕಿ ಸೋತಿದ್ದರು. ಹೆಸರನ್ನು ಕೈಬಿಟ್ಟು, ಗಣಿಯ ಹೆಸರು ಮತ್ತು ಸಮಾಧಿ ಮಾಡಿದ ದಿನಾಂಕವನ್ನು ಹಿಡಿದು ಹೊರಟಾಗ ಕಾರ್ನ್‌ವಾಲಿನ ವಾರಪತ್ರಿಕೆಯೊಂದರಲ್ಲಿ ಆರು ಸಾಲಿನ ವರದಿ ಸಿಕ್ಕಿತು. ಅಚ್ಚಿನಲ್ಲಿ ಹೆಸರು ಸರಿಯಾಗಿಯೇ ಇತ್ತು. ಯಂತ್ರ ತಯಾರಿಸಿದ ಪಠ್ಯದಲ್ಲಿ ಅದರ ಮೊದಲ ಅಕ್ಷರವೇ ಬೇರೆಯಾಗಿತ್ತು. ಫೋನಿನಲ್ಲಿ ಆ ವರದಿಯನ್ನು ಅವರು ನನ್ನಿಂದ ಎರಡು ಸಲ ಓದಿಸಿದರು. ಇಂಥವರಿಗಾಗಿ ಎಷ್ಟು ಹೊತ್ತು ಕುಳಿತು ಪುಟ ತಿರುವಿದರೂ ನನಗೆ ಬೇಸರವಿಲ್ಲ. 1947ರ ನಂತರ ಆಸ್ಟ್ರೇಲಿಯಾಕ್ಕೆ ಹೋದ ಇಂತಹ ಕುಟುಂಬಗಳವರು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣವನ್ನೂ ನೋಡಬೇಕು. ಅದು ಉಚಿತ, ಮತ್ತು ಅಲ್ಲಿ ಯಂತ್ರದ ತಪ್ಪನ್ನು ಓದುಗರೇ ತಿದ್ದಬಹುದು. ನಿಮ್ಮ ಮನೆತನದ ಹೆಸರು ಸಿಕ್ಕ ಕೂಡಲೇ ದಯವಿಟ್ಟು ತಿದ್ದಿಬಿಡಿ. ಮುಂದೆ ಹುಡುಕುವವರಿಗೆ ಅದು ಒಂದೇ ಏಟಿಗೆ ಸಿಗುತ್ತದೆ.

ಕನ್ನಡ ಪತ್ರಿಕೆಗಳಲ್ಲಿ ಹಿರಿಯರನ್ನು ಹುಡುಕುವವರಿಗೆ ದಾರಿ ಇನ್ನೂ ಕಷ್ಟದ್ದು. 1843ರಲ್ಲಿ ಜರ್ಮನ್ ಮಿಷನರಿ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕೈಬರಹದಂತಿರುವ ಅಂತಹ ಪುಟಗಳನ್ನು ಓದಲು ಯಂತ್ರವನ್ನು ನಂಬಿ ಕೂರುವಂತಿಲ್ಲ. ಒತ್ತಕ್ಷರಗಳು ಮಸುಕಾದ ಅಚ್ಚಿನ ಪುಟಗಳಲ್ಲೂ ದಿನಾಂಕ ಹಿಡಿದು ಓದುವುದೇ ಕ್ಷೇಮ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅದೇ ಗಣಿಗಳಲ್ಲಿ ಸತ್ತ ತಮಿಳು, ತೆಲುಗು, ಕನ್ನಡದ ಕಾರ್ಮಿಕರನ್ನು ಇಂಗ್ಲೆಂಡಿನ ಪತ್ರಿಕೆಗಳು ಬಹುಮಟ್ಟಿಗೆ ಸಂಖ್ಯೆಯಲ್ಲಿ ಮಾತ್ರ ನಮೂದಿಸಿದವು. ಅವರ ಮೊಮ್ಮಕ್ಕಳು ಬಂದು ಕೇಳಿದಾಗ ಇನ್ನಷ್ಟು ಹುಡುಕಿ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಬೇರೆ ದಾಖಲೆಗಳ ಕಡೆಗೆ ಕಳುಹಿಸುತ್ತೇನೆ.

ವರದಿ ಸಿಕ್ಕಿದ ಮೇಲೆ ಪತ್ರಿಕೆಯ ಹೆಸರು, ದಿನಾಂಕ, ಪುಟ, ಅಂಕಣ ಇಷ್ಟನ್ನೂ ಬರೆದಿಟ್ಟುಕೊಳ್ಳಿ. ದೂರದಿಂದ ಬಂದ ಸುದ್ದಿಯಲ್ಲಿ ವಯಸ್ಸು, ಹೆಸರು ತಪ್ಪಾಗಿರುವುದುಂಟು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸ್ ಎಂಬ ಬ್ರಿಟಿಷ್ ಇಲಾಖೆಯ ದಾಖಲೆಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳಿಂದ ಹೋದ ಸಮಾಧಿ ಪಟ್ಟಿಗಳಿವೆ. ಅವುಗಳೊಂದಿಗೆ ತಾಳೆಯಾಗುವ ತನಕ ಆ ಸುದ್ದಿಯನ್ನು ವಂಶಾವಳಿಯಲ್ಲಿ ಪೆನ್ಸಿಲಿನಲ್ಲಿಯೇ ಬರೆದಿಡಿ.