ಕುದಿಸಿದರೆ ಸಾರಿನ ಉಪ್ಪು ಹೋಗುತ್ತಾ?

ಕಳೆದ ವಾರ ಜಗಳೂರು ಕಡೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ದಾವಣಗೆರೆಗೆ, ಹಲ್ಲಿನ ಡಾಕ್ಟರಾದ ನನ್ನ ಹತ್ತಿರ ಬಂದಿದ್ದರು. ಐದನೇ ಕ್ಲಾಸಿನ ಹುಡುಗ. ಬಾಯಿ ತೆಗಿ ಅಂದರೆ ಅಂಗೈ ಅಡ್ಡ ಹಿಡಿಯುತ್ತಾನೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟೆ, ನಡುವೆ ಕಾಫಿ ಬಣ್ಣದ ಕಲೆ.

"ನೆಟ್ಟಗೆ ಬ್ರಶ್ ಮಾಡಲ್ಲ ಮೇಡಂ, ನೀವೇ ಒಂದಿಷ್ಟು ಬೈರಿ" ಅಂದರು.

ಬೈಯಲಿಲ್ಲ. ಆ ಹಲ್ಲು ದವಡೆಯೊಳಗೆ ತಯಾರಾಗುವಾಗಲೇ, ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ, ಕೆಟ್ಟಿದೆ. ಅವನು ತಿಕ್ಕಿ ಮಾಡುವುದೇನು? ಪಾಪ, ಇದ್ದಿಲು, ಉಪ್ಪು ಎಲ್ಲಾ ಹಾಕಿ ತಿಕ್ಕಿದ್ದನಂತೆ.

ಯಾವ ನೀರು ಕುಡಿಯುತ್ತೀರಿ ಅಂದೆ. ಮೊದಲು ಬೋರಿನದು, ಈಗ ಶುದ್ಧ ನೀರಿನ ಘಟಕದ್ದು. ಅಡುಗೆಗೆ? "ಅದಕ್ಕೆ ಬೋರ್ ನೀರೇ. ಹೆಂಗೂ ಕುದೀತದಲ್ಲ!"

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಯಾವ ಕಡೆಯವರು ಬಂದರೂ ಇದೇ ಮಾತು. ಕೇಳಿ ಕೇಳಿ ಸಾಕಾಗಿದೆ. ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್ ರೋಗಾಣು ಅಲ್ಲ. ನೆಲದಡಿಯ ಕಲ್ಲಿನಿಂದ ನೀರಿಗೆ ಇಳಿದು, ಉಪ್ಪಿನ ಹಾಗೆ ಕರಗಿ ಕೂತಿರುತ್ತದೆ. ಸಾರು ಜಾಸ್ತಿ ಕುದ್ದರೆ ಉಪ್ಪು ಕಮ್ಮಿಯಾಗುತ್ತಾ? ಕಟುವಾಗುತ್ತೆ, ಅಲ್ವಾ? ಹಾರಿಹೋಗುವುದು ನೀರು ಮಾತ್ರ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಅರ್ಧಕ್ಕೆ ಇಂಗಿಸಿದರೆ, ಉಳಿದ ನೀರಲ್ಲಿ ಲೀಟರಿಗೆ 4 ಆಗುತ್ತದೆ. ಕುಡಿಯುವ ನೀರಿಗೆ ಮಿತಿ 1. ಬೇರೆ ನೀರೇ ಇಲ್ಲದ ಕಡೆ 1.5. ಇನ್ನು ಅನ್ನ, ಬೇಳೆ, ಮುದ್ದೆ ಎಲ್ಲಾ ನೀರು ಹೀರಿಯೇ ಬೇಯುವುದು. ಅಂದರೆ ಘಟಕದ ನೀರು ಲೋಟದಲ್ಲಿ, ಬೋರ್ ನೀರು ತಟ್ಟೆಯಲ್ಲಿ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಇದು ಹೋಗಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. "ನಮ್ಮ ಬೋರ್ ನೀರು ಎಳನೀರು ಇದ್ದಂಗೈತೆ" ಅಂದವರ ಮಕ್ಕಳ ಹಲ್ಲನ್ನೂ ನೋಡಿದ್ದೇನೆ.

ಹಾಗಂತ ಹಲ್ಲಿನ ಕಲೆ ಎಲ್ಲಾ ಫ್ಲೋರೈಡಿನದೇ ಅಲ್ಲ. ಮೊಣಕಾಲು ನೋವಿಗೆಲ್ಲ ನೀರನ್ನೇ ದೂರಬೇಡಿ. ವರ್ಷಗಟ್ಟಲೆ ಇಂಥ ನೀರು ಕುಡಿದವರಿಗೆ ಕತ್ತು, ಬೆನ್ನು ಬಿಗಿಯುವುದುಂಟು, ಆದರೆ ಅದನ್ನು ಮೂಳೆ ಡಾಕ್ಟರು ನೋಡಿ ಹೇಳಬೇಕು. ಘಟಕದ ನೀರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಳಗೆ ಫ್ಲೋರೈಡ್ ತಡೆಯುವ ಪೊರೆ, ಅಂದರೆ ಮೆಂಬ್ರೇನ್, ಹಾಳಾಗಿದ್ದರೆ ನಾಣ್ಯ ಹಾಕಿ ಬೋರ್ ನೀರೇ ತಂದಂತೆ. ಪಂಚಾಯ್ತಿಯಲ್ಲಿ ಪರೀಕ್ಷೆ ರಿಪೋರ್ಟ್ ಕೇಳಿ.

ಹುಡುಗನ ಕಲೆ ತಿಳಿ ಮಾಡಬಹುದು. ಅವಸರವಿಲ್ಲ, ಸ್ವಲ್ಪ ದೊಡ್ಡವನಾಗಲಿ ಅಂದೆ. ಮನೆಯಲ್ಲಿ ಇನ್ನೂ ಮಕ್ಕಳಿದ್ದಾರಾ ಎಂದು ಕೇಳಿದೆ. ಎರಡು ವರ್ಷದ ಮಗಳಿದ್ದಾಳಂತೆ. ಬೆಳಿಗ್ಗೆ, ಸಂಜೆ ರಾಗಿ ಸರಿ ತಿನ್ನುತ್ತಾಳೆ. ಹಾಲುಹಲ್ಲು ಬಿದ್ದ ಮೇಲೆ ಬರುವ ಅವಳ ಮುಂಭಾಗದ ಹಲ್ಲುಗಳು ಈಗ ಒಳಗೆ ತಯಾರಾಗುತ್ತಿವೆ.

"ಸರಿ ಯಾವ ನೀರಲ್ಲಿ ಕಾಯಿಸ್ತೀರಿ?"

ಆಯಮ್ಮ ಉತ್ತರ ಕೊಡಲಿಲ್ಲ. ಸೆರಗಿನಿಂದ ಫೋನ್ ತೆಗೆದು ಗಂಡನಿಗೆ ಹಚ್ಚಿದರು. "ರೀ, ಬರುವಾಗ ಇನ್ನೊಂದು ಕ್ಯಾನು ತುಂಬಿಸ್ಕೊಂಡು ಬರ್ರಿ."