ಬೆಟ್ಟದ ತುದಿಯಲ್ಲಿ ಗಿಡಗಳು ಜಾಸ್ತಿಯಾದರೆ ಖುಷಿಪಡಬೇಕಾ?

1835ರಲ್ಲಿ ಓಸ್ವಾಲ್ಡ್ ಹೀರ್ ಎಂಬ ಸಸ್ಯಶಾಸ್ತ್ರಜ್ಞ ಸ್ವಿಟ್ಜರ್ಲೆಂಡಿನ ಪಿಜ್ ಲಿನಾರ್ಡ್ ಬೆಟ್ಟ ಹತ್ತಿದ. ಎತ್ತರ 3,410 ಮೀಟರ್. ತುದಿಯಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು ಜಾತಿಯ ಹೂಗಿಡ, ಆಂಡ್ರೊಸೇಸ್ ಆಲ್ಪಿನಾ. ಕಲ್ಲಿನ ಸಂದಿಯಲ್ಲಿ ನೆಲಕ್ಕಂಟಿಕೊಂಡು ಬೆಳೆಯುವ, ಬಿಳಿ ಇಲ್ಲವೇ ಗುಲಾಬಿ ಬಣ್ಣದ ಪುಟ್ಟ ಹೂ ಬಿಡುವ ಗಿಡ. ಆಮೇಲೆ ಬೇರೆಯವರೂ ಅದೇ ತುದಿಗೆ ಹೋಗಿ ಎಣಿಸುತ್ತಾ ಬಂದರು. 1937ಕ್ಕೆ 10 ಜಾತಿ. 2011ಕ್ಕೆ 16. ಹಸಿರು ಜಾಸ್ತಿಯಾಗ್ತಿದೆ, ಇದರಲ್ಲಿ ಚಿಂತೆ ಮಾಡೋದೇನಿದೆ ಅಂತ ಯಾರಿಗಾದರೂ ಅನಿಸುತ್ತದೆ. ನನ್ನ ಪ್ರಕಾರ ಈ ವಿಷಯದಲ್ಲಿ ನಾವು ಎಡವೋದೇ ಇಲ್ಲಿ.

ಎತ್ತರಕ್ಕೂ ಗಿಡಕ್ಕೂ ಇರುವ ನಂಟನ್ನು ಜನರಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದವನು ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. 1802ರಲ್ಲಿ ಸಸ್ಯಶಾಸ್ತ್ರಜ್ಞ ಗೆಳೆಯ ಬೊನ್‌ಪ್ಲಾನ್ ಜೊತೆ ಈಕ್ವೆಡಾರಿನ ಚಿಂಬೊರಾಜೊ ಹತ್ತಿ, ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆ ಎಂದು ಒಂದು ದೊಡ್ಡ ಚಿತ್ರದಲ್ಲಿ ಬರೆದಿಟ್ಟ. 2012ರಲ್ಲಿ ಒಂದು ತಂಡ ಅದೇ ಬೆಟ್ಟಕ್ಕೆ ಹೋಗಿ ನೋಡಿ, ಗಿಡಗಳು 500 ಮೀಟರಿಗೂ ಜಾಸ್ತಿ ಮೇಲೇರಿವೆ ಎಂದಿತು. ದೊಡ್ಡ ಸುದ್ದಿಯಾಯಿತು. ಆದರೆ ಹಂಬೋಲ್ಟನ ಮಾಹಿತಿಯಲ್ಲಿ ಬಹುಪಾಲು ಆಂಟಿಸಾನಾ ಎಂಬ ಇನ್ನೊಂದು ಬೆಟ್ಟದ್ದು ಎಂದು 2019ರಲ್ಲಿ ಬೇರೆ ವಿಜ್ಞಾನಿಗಳು ಹಳೆಯ ದಾಖಲೆ ಕೆದಕಿ ತೋರಿಸಿದರು. ಅವರ ಲೆಕ್ಕದಲ್ಲಿ ಗಿಡಗಳು ಏರಿದ್ದು 215ರಿಂದ 266 ಮೀಟರ್. ಏರಿದ್ದಂತೂ ನಿಜ.

ಇದೆಲ್ಲ ಹವಾಮಾನ ಬದಲಾವಣೆಯ ಮಾತಾಗಿ ಬೆಳೆದದ್ದು 1994ರಲ್ಲಿ. ಗ್ರಾಬ್‌ಹೆರ್, ಗಾಟ್‌ಫ್ರೀಡ್, ಪೌಲಿ ಎಂಬ ಮೂವರು ವಿಜ್ಞಾನಿಗಳು ಆಲ್ಪ್ಸ್‌ನ 26 ಶಿಖರಗಳನ್ನು ಹಳೆಯ ದಾಖಲೆಗಳ ಜೊತೆ ಹೋಲಿಸಿದರು. ಆಗ ಆಗಿದ್ದ ಬಿಸಿಗೆ ಗಿಡಗಳು ಹತ್ತು ವರ್ಷಕ್ಕೆ 8–10 ಮೀಟರ್ ಮೇಲೇರಬೇಕಿತ್ತು. ಅವರು ನೋಡಿದ ಗಿಡಗಳಲ್ಲಿ ಹೆಚ್ಚಿನವು ಒಂದು ಮೀಟರೂ ಏರಿರಲಿಲ್ಲ, ತುಂಬಾ ಚುರುಕಾದವು 4 ಮೀಟರ್. ಅಂದರೆ ಬಿಸಿ ಮುಂದೆ ಓಡುತ್ತಿದೆ, ಗಿಡ ಹಿಂದೆ ಉಳಿಯುತ್ತಿದೆ. 2001ರಲ್ಲಿ ಅವರೇ ಮುಂದೆ ನಿಂತು ಗ್ಲೋರಿಯಾ ಎಂಬ ಯೋಜನೆ ಶುರುಮಾಡಿದರು. ಶಿಖರದ ನಾಲ್ಕೂ ದಿಕ್ಕಿಗೆ ಒಂದೊಂದು ಮೀಟರಿನ ಚೌಕಗಳನ್ನು ಗುರುತು ಮಾಡಿ, ಮಣ್ಣಲ್ಲಿ 10 ಸೆಂಟಿಮೀಟರ್ ಆಳಕ್ಕೆ ತಾಪಮಾನ ಅಳೆಯುವ ಪುಟ್ಟ ಯಂತ್ರ ಹೂತು, ಕೆಲವು ವರ್ಷಕ್ಕೊಮ್ಮೆ ಹೋಗಿ ಪ್ರತಿ ಗಿಡವನ್ನೂ ಬಗ್ಗಿ ನೋಡಿ ಬರೆದುಕೊಳ್ಳುವ ಕೆಲಸ ಇದು. ನೀರಸ ಕೆಲಸ, ಆದರೆ ಇಷ್ಟು ಗಟ್ಟಿ ಸಾಕ್ಷಿ ಬೇರೆ ದಾರಿಯಲ್ಲಿ ಸಿಗೋದು ಕಷ್ಟ.

2018ರಲ್ಲಿ ಯುರೋಪಿನ 302 ಶಿಖರಗಳ 145 ವರ್ಷದ ದಾಖಲೆ ಒಟ್ಟಿಗೆ ಬಂತು. ಹೊಸ ಜಾತಿಗಳು ಶಿಖರಕ್ಕೆ ಬರುವ ವೇಗ 50 ವರ್ಷದ ಹಿಂದಿನದಕ್ಕಿಂತ ಐದು ಪಟ್ಟು. ಹಾಗಾದರೆ ಬರುತ್ತಿರೋರು ಯಾರು? ಕೆಳಗಿನ ಹುಲ್ಲುಗಾವಲಿನ ಗಿಡಗಳು. ಎತ್ತರವಾಗಿ, ಬೇಗ ಬೆಳೆಯುವಂಥವು. ತುದಿಯಲ್ಲಿರೋ ಕುಳ್ಳ ಗಿಡಕ್ಕೆ ಚಳಿ ತಡೆಯೋದು ಗೊತ್ತು, ನೆರಳಲ್ಲಿ ಬದುಕೋದು ಗೊತ್ತಿಲ್ಲ. 2015ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಒಂದು ಪ್ರಯೋಗದಲ್ಲಿ ಬೆಟ್ಟದ ಮೇಲಿನ ಗಿಡಗಳನ್ನು ಕೆಳಗಿನ ಬೆಚ್ಚಗಿನ ಜಾಗಕ್ಕೆ ತಂದು ನೆಟ್ಟರು. ಹಳೆಯ ನೆರೆಯವರ ಜೊತೆ ಇಟ್ಟಾಗ ಅವು ಸುಮಾರಾಗಿ ತಾಳಿಕೊಂಡವು. ಕೆಳಗಿನ ಗಿಡಗಳ ನಡುವೆ ಇಟ್ಟಾಗ ಸೊರಗಿದವು. ಬಿಸಿಗಿಂತ ಹೊಸ ನೆರೆಯವರೇ ದೊಡ್ಡ ಕಾಟ.

ಹಾಗಂತ ಹಳೆಯವು ನಾಳೆಯೇ ಸಾಯಲ್ಲ. ಬೆಟ್ಟದ ಗಿಡಗಳಲ್ಲಿ ಎಷ್ಟೋ ದಶಕಗಟ್ಟಲೆ ಬದುಕುತ್ತವೆ, ಬೀಜದಿಂದ ಹೊಸ ಸಸಿ ಏಳದಿದ್ದರೂ ಹಳೆಯ ಗಿಡ ನಿಂತೇ ಇರುತ್ತದೆ. ಅದಕ್ಕೇ ಲೆಕ್ಕದಲ್ಲಿ ಹೊಸದು ಬಂದದ್ದು ಕಾಣುತ್ತದೆ, ಹಳೆಯದು ಹೋಗೋದು ಕಾಣೋದಿಲ್ಲ.

ಎಲ್ಲ ಕಡೆ ಸಂಖ್ಯೆ ಏರಿಲ್ಲ ಅನ್ನೋದನ್ನೂ ಹೇಳಬೇಕು. 2001 ಮತ್ತು 2008ರ ನಡುವೆ 66 ಶಿಖರಗಳನ್ನು ಹೋಲಿಸಿದಾಗ, ಮೆಡಿಟರೇನಿಯನ್ ಭಾಗದಲ್ಲಿ ಜಾತಿಗಳು ಇದ್ದಷ್ಟೇ ಇದ್ದವು, ಇಲ್ಲವೇ ಕಡಿಮೆಯಾಗಿದ್ದವು. ಬಿಸಿಯ ಜೊತೆ ನೀರಿನ ಬರವೂ ಸೇರಿದರೆ ಹೊಸಬರೂ ಬರೋದಿಲ್ಲ. ಬೇರೆಲ್ಲೂ ಬೆಳೆಯದ ಗಿಡಗಳು ಜಾಸ್ತಿ ಇರೋದು ಇಂಥ ಬೆಟ್ಟಗಳಲ್ಲೇ.

ಇನ್ನು ಹವಾಯಿಯ ಹಲೆಯಾಕಲಾ ಬೆಟ್ಟದ ಸಿಲ್ವರ್‌ಸ್ವೋರ್ಡ್. ಬೆಳ್ಳಿ ಬಣ್ಣದ ಎಲೆಗಳ ಗೊಂಚಲು. 20ರಿಂದ 90 ವರ್ಷ ಬದುಕಿ, ಒಂದೇ ಸಲ ಹೂಬಿಟ್ಟು ಸಾಯುತ್ತದೆ. ತನ್ನದೇ ಪರಾಗದಿಂದ ಬೀಜ ಕಟ್ಟೋದು ತೀರಾ ಕಡಿಮೆ, ಹತ್ತಿರದಲ್ಲಿ ಇನ್ನೊಂದು ಗಿಡ ಅದೇ ಹೊತ್ತಿಗೆ ಹೂಬಿಡಬೇಕು. ಒಂದು ಕಾಲದಲ್ಲಿ ಪ್ರವಾಸಿಗರು ಕಿತ್ತೊಯ್ದು, ಮೇಕೆ, ಜಾನುವಾರು ಮೇಯ್ದು ಅಳಿವಿನ ಅಂಚಿಗೆ ಬಂದಿತ್ತು. ರಕ್ಷಣೆ ಕೊಟ್ಟ ಮೇಲೆ ಚೇತರಿಸಿತು. 1990ರ ದಶಕದಿಂದ ಮತ್ತೆ ಕುಸಿತ, ಈ ಸಲ ಕಾರಣ ಒಣ ಹವೆ ಮತ್ತು ಕಡಿಮೆ ಮಳೆ. ಕೆಳಗಿನ ಅಂಚಿನ ಗಿಡಗಳೇ ಜಾಸ್ತಿ ಸಾಯುತ್ತಿವೆ, ಮತ್ತು ಮೇಲಕ್ಕೆ ಹೋಗೋಣವೆಂದರೆ ಬೆಟ್ಟ 3,055 ಮೀಟರಿಗೆ ಮುಗಿದುಹೋಗುತ್ತದೆ. ಮೇಕೆಗೆ ಬೇಲಿ ಹಾಕಬಹುದಿತ್ತು, ಒಣ ಹವೆಗೆ ಹಾಕೋಕಾಗಲ್ಲ.