ನಮ್ಮ ನಾಯಿ ಮಂಕಾಗಿದೆ: ವಯಸ್ಸಾಯ್ತಾ, ನೋವಿದೆಯಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಈಗ 11 ವರ್ಷ. ಈಚೆಗೆ ಮೆಟ್ಟಿಲು ಹತ್ತಲು ಹಿಂದೇಟು ಹಾಕುತ್ತದೆ. ಹಗಲೆಲ್ಲ ಮಲಗಿರುತ್ತದೆ, ರಾತ್ರಿ ಎದ್ದು ಮನೆ ತುಂಬ ಸುತ್ತುತ್ತದೆ. ಕಣ್ಣು ಸ್ವಲ್ಪ ನೀಲಿಯಾಗಿದೆ. ಊಟ ಮಾತ್ರ ಚೆನ್ನಾಗಿ ಮಾಡುತ್ತದೆ. ಮನೆಯವರೆಲ್ಲ 'ವಯಸ್ಸಾಯ್ತಲ್ಲ, ಹಾಗೇನೇ' ಅಂತಾರೆ. ನನಗೆ ಸಮಾಧಾನ ಇಲ್ಲ. ಇದು ಬರೀ ವಯಸ್ಸಾ, ಇಲ್ಲಾ ಕಾಯಿಲೆಯಾ?

ಉತ್ತರ: ನಿಮಗೆ ಸಮಾಧಾನ ಆಗದೇ ಇರುವುದೇ ಸರಿ. ವಯಸ್ಸಾಗುವುದು ಕಾಯಿಲೆಯಲ್ಲ, ನಿಜ. ಆದರೆ ವಯಸ್ಸಾದ ನಾಯಿಗೆ ಬರುವ ನೋವಿಗೂ ಕಾಯಿಲೆಗೂ ನಾವು 'ವಯಸ್ಸು' ಅಂತಲೇ ಹೆಸರಿಟ್ಟು ಸುಮ್ಮನಾಗಿಬಿಡುತ್ತೇವೆ. ಔಷಧಿಯಿಂದ ಕಡಿಮೆಯಾಗಬಹುದಾದ ನೋವನ್ನು ಆ ಮೂಕಪ್ರಾಣಿ ತಿಂಗಳುಗಟ್ಟಲೆ ಸಹಿಸಿಕೊಂಡು ಮೂಲೆಯಲ್ಲಿ ಮಲಗಿರುತ್ತದೆ.

ನೀವು ಬರೆದಿರುವುದರಲ್ಲಿ ಕಣ್ಣಿನ ನೀಲಿ ಬಹುಮಟ್ಟಿಗೆ ವಯಸ್ಸಿನದ್ದೇ. ಮೆಟ್ಟಿಲಿನ ವಿಷಯದಲ್ಲಿ ಕೀಲುನೋವು ಇರುವ ಸಾಧ್ಯತೆ ಜಾಸ್ತಿ. ರಾತ್ರಿ ಸುತ್ತುವುದಕ್ಕೆ ಕಾರಣ ಹುಡುಕಬೇಕು. ಇನ್ನು ಊಟ ಚೆನ್ನಾಗಿ ಮಾಡುತ್ತದೆ ಅನ್ನುವುದನ್ನು ಆರೋಗ್ಯಕ್ಕೆ ಸಾಕ್ಷಿ ಅಂತ ದಯವಿಟ್ಟು ತಗೊಳ್ಳಬೇಡಿ. ಎಷ್ಟೋ ಲ್ಯಾಬ್ರಡಾರ್‌ಗಳು ನೋವಿದ್ದರೂ ತಟ್ಟೆ ಖಾಲಿ ಮಾಡುತ್ತವೆ.

ಮೊದಲು ವಯಸ್ಸಿನ ಲೆಕ್ಕ. ನಾಯಿಯ ಒಂದು ವರ್ಷ ಮನುಷ್ಯರ ಏಳು ವರ್ಷಕ್ಕೆ ಸಮ ಅನ್ನುವ ಮಾತು ಸರಿಯಲ್ಲ. ನಾಯಿ ಮೊದಲ ಒಂದೆರಡು ವರ್ಷದಲ್ಲಿ ಸರಸರ ಬೆಳೆದುಬಿಡುತ್ತದೆ, ಆಮೇಲೆ ವೇಗ ಇಳಿಯುತ್ತದೆ. 2020ರಲ್ಲಿ ಲ್ಯಾಬ್ರಡಾರ್‌ಗಳ ಡಿಎನ್‌ಎ ಪರೀಕ್ಷಿಸಿ ವಿಜ್ಞಾನಿಗಳು ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ನಿಮ್ಮ ನಾಯಿಗೆ ಮನುಷ್ಯರ ಲೆಕ್ಕದಲ್ಲಿ ಸುಮಾರು 70 ವರ್ಷ. ತಳಿಯ ಗಾತ್ರವೂ ಮುಖ್ಯ. ಗ್ರೇಟ್ ಡೇನ್‌ನಂಥ ದೊಡ್ಡ ನಾಯಿ 7-8 ವರ್ಷಕ್ಕೇ ಮುದಿಯಾಗುತ್ತದೆ. ಅದೇ ವಯಸ್ಸಿನ ಪುಟ್ಟ ತಳಿಯ ನಾಯಿ ಇನ್ನೂ ಚೂಟಿಯಾಗಿ ಓಡಾಡಿಕೊಂಡಿರುತ್ತದೆ.

ಈಗ ಮೆಟ್ಟಿಲಿನ ವಿಷಯ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕೀಲುಗಳ ಸವೆತ ವಯಸ್ಸಾದ ನಾಯಿಗಳಲ್ಲಿ ತುಂಬಾ ಸಾಮಾನ್ಯ. ನೋವಿದ್ದರೆ ಕುಂಯ್‌ಗುಡುತ್ತದೆ, ಕುಂಟುತ್ತದೆ ಅಂತ ನಾವು ಕಾಯುತ್ತೇವೆ. ಹಳೆಯ ನೋವಿಗೆ ನಾಯಿ ಹಾಗೆ ಮಾಡುವುದು ಕಡಿಮೆ. ನೋವಾಗುವ ಕೆಲಸವನ್ನೇ ಒಂದೊಂದಾಗಿ ಬಿಡುತ್ತಾ ಬರುತ್ತದೆ. ಮೊದಲು ಸೋಫಾ ಹತ್ತುವುದು ನಿಲ್ಲುತ್ತದೆ. ಆಮೇಲೆ ಕಾರಿಗೆ ಹಾರುವುದು. ಆಮೇಲೆ ಬಾಗಿಲ ಹತ್ತಿರ ಓಡಿ ಬರುವುದು. ನಮ್ಮ ಕಣ್ಣಿಗೆ ಮಾತ್ರ ಅದು 'ಶಾಂತ'ವಾಗಿ ಕಾಣುತ್ತದೆ.

ನಾಳೆ ಬೆಳಿಗ್ಗೆ ಅದು ನಿದ್ದೆಯಿಂದ ಏಳುವಾಗ ಪಕ್ಕದಲ್ಲಿ ಕೂತು ನೋಡಿ. ಎಳೆಯ ನಾಯಿ ಒಂದೇ ಸಲಕ್ಕೆ ಎದ್ದು ಮೈ ಮುರಿಯುತ್ತದೆ. ಕೀಲು ಸವೆದ ನಾಯಿ ಮುಂಗಾಲು ಊರಿ, ಒಂದು ಕ್ಷಣ ತಡೆದು, ಹಿಂಭಾಗವನ್ನು ಎಳೆದುಕೊಂಡು ಏಳುತ್ತದೆ. ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತವೆ, ನಡೆಯುತ್ತಾ ನಡೆಯುತ್ತಾ ಸಡಿಲವಾಗುತ್ತದೆ. ಕೂರುವಾಗ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚುತ್ತದಾ? ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುತ್ತದಾ? ಸೊಂಟದ ಹತ್ತಿರ ಕೈಯಿಟ್ಟರೆ ತಿರುಗಿ ನೋಡುತ್ತದಾ? ಇವೆಲ್ಲ ನೋವಿನ ಗುರುತುಗಳು.

ಇದಕ್ಕೆ ಚಿಕಿತ್ಸೆ ಇದೆ. ನಾಯಿಗಳಿಗೆಂದೇ ಇರುವ, ನೋವು ಮತ್ತು ಉರಿಯೂತ ಇಳಿಸುವ ಔಷಧಿಗಳಿವೆ. ಕೊಡುವ ಮೊದಲು ವೆಟ್ ಡಾಕ್ಟರ್ ಸಾಮಾನ್ಯವಾಗಿ ಕಿಡ್ನಿ, ಲಿವರ್ ಹೇಗಿದೆ ಅಂತ ರಕ್ತಪರೀಕ್ಷೆ ಮಾಡಿಸುತ್ತಾರೆ. ಎಷ್ಟೋ ಸಲ ಕೆಲವು ದಿನ ಔಷಧಿ ಕೊಟ್ಟು ನೋಡುವುದೇ ಒಂದು ಪರೀಕ್ಷೆ. 'ಮುದಿಯಾಯ್ತು' ಅಂತ ಅಂದುಕೊಂಡಿದ್ದ ನಾಯಿ ಮತ್ತೆ ಬಾಲ ಅಲ್ಲಾಡಿಸುತ್ತಾ ಗೇಟಿನವರೆಗೆ ಬಂದರೆ, ಅಷ್ಟು ದಿನ ಅದನ್ನು ಕಟ್ಟಿಹಾಕಿದ್ದು ವಯಸ್ಸಲ್ಲ, ನೋವು ಅಂತ ಅರ್ಥ. ಆದರೆ ಮನೆಯಲ್ಲಿರುವ ನಿಮ್ಮ ಮಾತ್ರೆ ಮಾತ್ರ ಬೇಡವೇ ಬೇಡ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಕೂಡ ಅಪಾಯ. 'ಅರ್ಧ ಮಾತ್ರೆ ಏನಾಗುತ್ತೆ' ಅನ್ನುವವರ ಮಾತು ಕೇಳಬೇಡಿ.

ಔಷಧಿಯಷ್ಟೇ ಕೆಲಸ ಮಾಡುವುದು ತೂಕ. ಪಕ್ಕೆಯ ಮೇಲೆ ಬೆರಳಾಡಿಸಿದರೆ ಒತ್ತದೇನೇ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಕೀಲುಗಳು ಬೇಡದ ಭಾರ ಹೊರುತ್ತಿವೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ಊಟ ಸಿಕ್ಕ ನಾಯಿಗಳು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ತಡವಾಗಿ. ಅದು ಆಸೆಗಣ್ಣಿನಿಂದ ನೋಡುತ್ತಿರುವಾಗ ಇಲ್ಲ ಅನ್ನುವುದು ಕಷ್ಟ, ನನಗೆ ಗೊತ್ತು. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವು ಹೆಚ್ಚಿಸುವ ಒಂದು ಜೀನ್ ಬದಲಾವಣೆ ಇರುವುದು 2016ರಲ್ಲಿ ಗೊತ್ತಾಯಿತು. ಅಂಥ ನಾಯಿಗೆ ಎಷ್ಟು ಹಾಕಿದರೂ ಇನ್ನೂ ಬೇಕು ಅನ್ನಿಸುತ್ತದೆ. ಹಾಗಾಗಿ ಎಷ್ಟು ಹಾಕಬೇಕು ಅಂತ ಅದರ ಕಣ್ಣು ನೋಡಿ ತೀರ್ಮಾನ ಮಾಡಬೇಡಿ, ಅಳತೆ ಮಾಡಿ ಹಾಕಿ.

ನುಣುಪು ನೆಲವೂ ದೊಡ್ಡ ಶತ್ರು. ಜಾರುವ ಭಯಕ್ಕೇ ಎಷ್ಟೋ ನಾಯಿಗಳು ಏಳುವುದನ್ನು ಮುಂದೂಡುತ್ತವೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಜಾರದ ಮ್ಯಾಟ್ ಹಾಸಿ. ನಡಿಗೆ ಕಡಿಮೆಯಾದಾಗ ಉಗುರು ಸವೆಯುವುದಿಲ್ಲ, ಉದ್ದವಾದ ಉಗುರು ಇನ್ನಷ್ಟು ಜಾರಿಸುತ್ತದೆ. ನೆಲದ ಮೇಲೆ ಟಕ್ ಟಕ್ ಸದ್ದು ಕೇಳಿದರೆ ಕತ್ತರಿಸುವ ಹೊತ್ತಾಯಿತು ಅಂತ.

ರಾತ್ರಿ ಸುತ್ತಾಟಕ್ಕೆ ಒಂದಲ್ಲ, ಹಲವು ಕಾರಣ ಇರಬಹುದು. ಮಲಗಿದರೆ ನೋವು ಅಂತ ಎದ್ದಿರಬಹುದು. ಮೂತ್ರಕ್ಕೆ ಅವಸರವಾಗಿರಬಹುದು. ಇದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಬೆಳಿಗ್ಗೆ ಅಳತೆ ಮಾಡಿ ನೀರಿಡಿ, ಮರುದಿನ ಅದೇ ಹೊತ್ತಿಗೆ ಎಷ್ಟು ಉಳಿದಿದೆ ನೋಡಿ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 100 ಮಿಲಿಗಿಂತ ಜಾಸ್ತಿ ಕುಡಿಯುತ್ತಿದ್ದರೆ, ಅಂದರೆ 30 ಕಿಲೋ ನಾಯಿ 3 ಲೀಟರ್ ದಾಟಿದರೆ, ಅದು ಹೆಚ್ಚು. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಹಾರ್ಮೋನಿನ ಏರುಪೇರು ಯಾವುದಾದರೂ ಇರಬಹುದು. ಗರ್ಭಕೋಶ ತೆಗೆಯದ ಹೆಣ್ಣು ನಾಯಿಯಾಗಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆಯೂ ಇದೆ. ಆಗ ತಡ ಮಾಡಲೇಬಾರದು.

ಇದ್ಯಾವುದೂ ಅಲ್ಲದಿದ್ದರೆ ಮರೆವಿನ ಕಾಯಿಲೆ. ಹೌದು, ನಾಯಿಗಳಿಗೂ ಬರುತ್ತದೆ. ಮನುಷ್ಯರ ಆಲ್ಝೈಮರ್ಸ್‌ನಲ್ಲಿ ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಅನ್ನುವ ಪ್ರೋಟೀನೇ ಇವುಗಳ ಮೆದುಳಿನಲ್ಲೂ ಕಂಡುಬಂದಿದೆ. ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲಿನ ಕೀಲು ಇರುವ ಕಡೆ ಹೋಗಿ ತೆರೆಯಲಿ ಅಂತ ಕಾಯುವುದು, ಮೂಲೆಗೆ ಹೋಗಿ ಹಿಂದಕ್ಕೆ ಬರಲು ತೋಚದೆ ಸಿಕ್ಕಿಕೊಳ್ಳುವುದು, ಮನೆಯೊಳಗೇ ಮೂತ್ರ ಮಾಡುವುದು ಇದರ ಲಕ್ಷಣ. ಆಗ ಬೈಯಬೇಡಿ, ದಮ್ಮಯ್ಯ. ಅದು ಹಟ ಅಲ್ಲ. ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಔಷಧಿ ಮತ್ತು ವಿಶೇಷ ಆಹಾರದಿಂದ ಕೆಲವು ನಾಯಿಗಳು ಸುಧಾರಿಸುತ್ತವೆ. ದಿನಚರಿ ಬದಲಾಯಿಸಬೇಡಿ, ಮನೆಯ ಸಾಮಾನಿನ ಜಾಗ ಬದಲಾಯಿಸಬೇಡಿ. ಹಗಲು ಬೆಳಕಿನಲ್ಲಿ ಓಡಾಡಿಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ.

ಕಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣಿನ ಮಸೂರ ವಯಸ್ಸಿನ ಜೊತೆ ಗಟ್ಟಿಯಾಗುತ್ತಾ ಹೋದಾಗ ನೀಲಿ ಮಬ್ಬು ಕಾಣುತ್ತದೆ. ದೃಷ್ಟಿ ಅಷ್ಟಾಗಿ ಕೆಡುವುದಿಲ್ಲ. ಹಾಲಿನ ಹಾಗೆ ಬೆಳ್ಳಗಾದರೆ ಅದು ಪೊರೆ ಇರಬಹುದು, ತೋರಿಸಿ. ಕಣ್ಣು ಕೆಂಪಾಗಿ ಮುಚ್ಚಿಕೊಂಡರೆ ಅದೇ ದಿನ ಹೋಗಿ.

ಕೆಲವಕ್ಕೆ ಅಪಾಯಿಂಟ್‌ಮೆಂಟ್ ಕಾಯುವ ಹಾಗಿಲ್ಲ. ಹೊಟ್ಟೆ ಉಬ್ಬಿ, ವಾಂತಿ ಮಾಡಲು ಒದ್ದಾಡಿದರೂ ಏನೂ ಬರದಿದ್ದರೆ, ಒಸಡು ಬಿಳಿಚಿಕೊಂಡು ಕುಸಿದುಬಿದ್ದರೆ, ಉಸಿರಿಗೆ ಕಷ್ಟಪಟ್ಟರೆ ತಕ್ಷಣ ಓಡಿ. ಕತ್ತು ಒಂದು ಕಡೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಆಡುತ್ತಾ ಬೀಳುವ ಹಾಗಾದರೂ ಡಾಕ್ಟರ್‌ಗೆ ತೋರಿಸಿ. ಇದನ್ನು ನೋಡಿ ಪಾರ್ಶ್ವವಾಯು ಅಂತ ಆಸೆ ಬಿಡುವವರಿದ್ದಾರೆ. ಮುದಿ ನಾಯಿಗಳಲ್ಲಿ ಎಷ್ಟೋ ಸಲ ಇದು ಒಳಕಿವಿಗೆ ಸಂಬಂಧಿಸಿದ ಸಮತೋಲನದ ತೊಂದರೆ, ಕೆಲವು ದಿನಗಳಲ್ಲಿ ಸುಧಾರಿಸುತ್ತದೆ.

ಬರೀ ಚಿಂತೆಯ ಮಾತೇ ಆಯಿತು. ಮುದಿ ನಾಯಿಯ ಜೊತೆ ಬದುಕುವುದರಲ್ಲಿ ಒಂದು ಬೇರೆಯೇ ಖುಷಿ ಇದೆ. ನಿಮ್ಮ ಚಪ್ಪಲಿಯ ಸದ್ದು, ನೀವು ಬೇಸರದಲ್ಲಿ ಕೂರುವ ರೀತಿ, ಎಲ್ಲಾ ಅದಕ್ಕೆ ಗೊತ್ತು. ಕಣ್ಣು, ಕಿವಿ ಮಂಕಾದರೂ ಮೂಗು ಬಹಳ ಕಾಲ ಕೈ ಕೊಡುವುದಿಲ್ಲ. ಹಾಗಾಗಿ ದೂರದ ವಾಕಿಂಗ್ ಬಿಟ್ಟು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹೊತ್ತು ಕರೆದುಕೊಂಡು ಹೋಗಿ. ಹಗ್ಗ ಎಳೆಯಬೇಡಿ. ಒಂದು ಪೊದೆಯ ಹತ್ತಿರ ಅದು ಎಲೆ ಎಲೆ ಮೂಸುತ್ತಾ ನಿಂತರೆ, ಮೂಗಿನ ಹೊಳ್ಳೆ ಪಟಪಟ ಆಡುತ್ತಾ ಬಾಲದ ತುದಿ ಮಾತ್ರ ಅಲ್ಲಾಡುತ್ತಿದ್ದರೆ, ನಿಂತುಬಿಡಿ. ಅದಕ್ಕೆ ಮೈಗೂ ಮನಸ್ಸಿಗೂ ಅದೇ ಕೆಲಸ. ಕಿವಿ ಇನ್ನೂ ಕೇಳುವಾಗಲೇ 'ಬಾ', 'ಕೂರು'ಗಳಿಗೆ ಕೈಸನ್ನೆ ಕಲಿಸಿಡಿ. ಈ ವಯಸ್ಸಿನಲ್ಲೂ ಖಂಡಿತ ಕಲಿಯುತ್ತದೆ. ಮುಂದೆ ಬೇಕಾಗುತ್ತದೆ.

ವೆಟ್ ಹತ್ತಿರ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಅದು ಏಳುವುದನ್ನು, ಮೆಟ್ಟಿಲ ಬಳಿ ತಡೆದು ನಿಲ್ಲುವುದನ್ನು, ರಾತ್ರಿ ಸುತ್ತುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಕ್ಲಿನಿಕ್ಕಿನ ಗಾಬರಿಯಲ್ಲಿ ಎಷ್ಟೋ ನಾಯಿಗಳು ನೆಟ್ಟಗೆ ನಡೆದುಬಿಡುತ್ತವೆ, ಡಾಕ್ಟರ್‌ಗೆ ಏನೂ ಕಾಣುವುದಿಲ್ಲ. ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಅಂತಲೂ ಎಣಿಸಿ ಬರೆದುಕೊಳ್ಳಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರಬಹುದು. ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಿ. ರಕ್ತ, ಮೂತ್ರ ಎರಡೂ ಪರೀಕ್ಷೆ ಆಗಲಿ, ಬಾಯಿ ತೆರೆಸಿ ಹಲ್ಲೂ ನೋಡಲಿ. ಇನ್ನು ಮುಂದೆ ವರ್ಷಕ್ಕೊಂದು ಸಲದ ತಪಾಸಣೆ ಸಾಲದು, ಆರು ತಿಂಗಳಿಗೊಮ್ಮೆ ಮಾಡಿಸಿ. ಮುಂದಿನ ದಿನಾಂಕವನ್ನು ಅಲ್ಲೇ ಬರೆಸಿಕೊಂಡು ಬನ್ನಿ.